ಮೈಯೊಳಗಿನ ಲೋಹ: ದೇಹ ಅದನ್ನು ಒಪ್ಪುವುದು ಹೇಗೆ?

ತಿಪಟೂರಿನಿಂದ ತುರುವೇಕೆರೆಗೆ ಅಥವಾ ಚಿಕ್ಕನಾಯಕನಹಳ್ಳಿಯ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯ ಎರಡೂ ಬದಿಗೆ ಕಾಣುವುದು ತೆಂಗಿನ ತೋಟವೇ. ನೀವು ಆ ಸೀಮೆಯವರಾದರೆ ಇದನ್ನು ಹೇಳಬೇಕಾಗಿಯೇ ಇಲ್ಲ. ಹಳೆಯ ನಾಟಿ ಮರಗಳು 15 ಮೀಟರು ದಾಟಿ ಬೆಳೆದು ನಿಂತಿರುತ್ತವೆ. ದೋಟಿ ಎಟುಕದ ಕಡೆ ಮನುಷ್ಯನೇ ಹತ್ತಬೇಕು. ಮಳೆಯಲ್ಲಿ ನೆನೆದ ಕಾಂಡ ಜಾರುತ್ತದೆ, ಒಣಗಿದ ಗರಿ ಹಿಡಿದ ಕೈಯಲ್ಲೇ ಕಿತ್ತು ಬರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 12 ಮೀಟರು ಎತ್ತರದಿಂದ ಒಬ್ಬರು ಬಿದ್ದರು ಎನ್ನಿ. ನಿಮ್ಮ ಭೌತವಿಜ್ಞಾನದ ಪಾಠದಲ್ಲಿರುವ ಸೂತ್ರದ ಪ್ರಕಾರ ವೇಗದ ವರ್ಗವೆಂದರೆ 2 × 9.8 × 12, ಅಂದರೆ ಸುಮಾರು 235. ಅದರ ವರ್ಗಮೂಲ 15ಕ್ಕಿಂತ ಸ್ವಲ್ಪ ಹೆಚ್ಚು. ನೆಲ ಮುಟ್ಟುವಾಗ ಆತನ ವೇಗ ಸೆಕೆಂಡಿಗೆ 15 ಮೀಟರು, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರು. ಬೀಳಲು ಹಿಡಿಯುವ ಕಾಲ ಒಂದೂವರೆ ಸೆಕೆಂಡು. ಓಡುವ ಮೋಟಾರ್ ಬೈಕು ಗೋಡೆಗೆ ಬಡಿದಂತೆಯೇ ಇದು. ದೇಹದ ಅತ್ಯಂತ ಬಲವಾದ ಮೂಳೆಯಾದ ತೊಡೆಯ ಮೂಳೆಯೂ ಆಗ ಮುರಿಯುತ್ತದೆ.

ಹೀಗೆ ಮುರಿದ ತೊಡೆಯ ಚಿಕಿತ್ಸೆಯ ನಂತರ ತೆಗೆದ ಎಕ್ಸ್-ರೇ ಚಿತ್ರವನ್ನು ನೀವು ನೋಡಿರಬಹುದು. ಬೂದು ಬಣ್ಣದ ಮೂಳೆಯ ನಡುವೆ ಸೊಂಟದಿಂದ ಮಂಡಿಯವರೆಗೆ ಬೆಳ್ಳಗೆ ಹೊಳೆಯುವ ಒಂದು ಸರಳು, ಎರಡೂ ತುದಿಗೆ ಅಡ್ಡಡ್ಡವಾಗಿ ಸ್ಕ್ರೂಗಳು. ಒಂದು ಅಡಿಗೂ ಉದ್ದದ ಲೋಹ! ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಲಿಗೆ ಜಾಲಿಮುಳ್ಳು ಚುಚ್ಚಿ ತುದಿ ಒಳಗೇ ಉಳಿದರೆ ಎರಡು ದಿನದಲ್ಲಿ ಊದಿಕೊಂಡು ಕೀವಾಗುತ್ತದೆ. ಹಾಗಿರುವಾಗ ಇಷ್ಟು ದೊಡ್ಡ ಸರಳನ್ನು ದೇಹ ವರ್ಷಗಟ್ಟಲೆ ಸುಮ್ಮನೆ ಹೇಗೆ ಇಟ್ಟುಕೊಳ್ಳುತ್ತದೆ?

ಮುಳ್ಳಿಗೂ ಸರಳಿಗೂ ಏನು ವ್ಯತ್ಯಾಸ?

ಹೊರಗಿನ ವಸ್ತು ಯಾವುದೇ ಇರಲಿ, ಒಳಗೆ ಬಂದ ಕೂಡಲೇ ದೇಹ ಅದನ್ನು ಪರೀಕ್ಷಿಸುತ್ತದೆ. ಮೊದಲು ರಕ್ತದಲ್ಲಿನ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಹಿಂದೆಯೇ ಬಿಳಿಯ ರಕ್ತಕಣಗಳು ಬರುತ್ತವೆ. ಇವುಗಳಲ್ಲಿ ಕಬಳಿಸುವ ಕಣಗಳೆಂಬ ಒಂದು ಬಗೆ ಇದೆ. ಸಣ್ಣ ವಸ್ತುವಾದರೆ ನುಂಗಿ ಕರಗಿಸುತ್ತವೆ. ನುಂಗಲಾರದಷ್ಟು ದೊಡ್ಡದಾದರೆ ಹಲವು ಕಣಗಳು ಒಂದಾಗಿ ದೈತ್ಯ ಕಣವಾಗಿ ಪ್ರಯತ್ನಿಸುತ್ತವೆ. ಅದೂ ಸಾಗದಿದ್ದಾಗ ದೇಹ ರಾಜಿಗೆ ಬರುತ್ತದೆ. ಆ ವಸ್ತುವಿನ ಸುತ್ತ ನಾರಿನಂಥ ಅಂಗಾಂಶದ ತೆಳುವಾದ ಚೀಲ ಹೆಣೆದು ಅದನ್ನು ಬೇರೆಯಾಗಿಸಿಬಿಡುತ್ತದೆ.

ಮುಳ್ಳು ಕೀವಾಗುವುದಕ್ಕೆ ಮುಳ್ಳೊಂದೇ ಕಾರಣವಲ್ಲ. ಅದರ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತದೆ. ಮುಳ್ಳು ಕೊಳೆಯುವ ವಸ್ತುವೂ ಹೌದು. ಶಸ್ತ್ರಚಿಕಿತ್ಸೆಯ ಸರಳಿನ ಮೇಲೆ ಬ್ಯಾಕ್ಟೀರಿಯಾ ಇರಬಾರದು, ಅದು ಕೊಳೆಯಬಾರದು, ಕರಗಬಾರದು, ವಿಷವನ್ನು ಬಿಡಬಾರದು. ಈ ಷರತ್ತುಗಳು ಪೂರ್ಣವಾದರೆ ದೇಹ ಅದರ ತಂಟೆಗೆ ಹೋಗುವುದಿಲ್ಲ. ಇದನ್ನು ವಿಜ್ಞಾನಿಗಳು ಜೈವಿಕ ಹೊಂದಾಣಿಕೆ ಎನ್ನುತ್ತಾರೆ.

ಉಪ್ಪುನೀರಿನಲ್ಲಿ ತುಕ್ಕು ಹಿಡಿಯದ ಲೋಹ

ತೋಟದಲ್ಲಿ ಮರೆತು ಬಂದ ಕುಡುಗೋಲು ಒಂದು ವಾರದಲ್ಲಿ ತುಕ್ಕು ಹಿಡಿಯುವುದನ್ನು ನೋಡಿದ್ದೀರಿ. ನಮ್ಮ ದೇಹದ ದ್ರವ ಕುಡುಗೋಲಿಗೆ ಬಿದ್ದ ಇಬ್ಬನಿಗಿಂತ ಕಠಿಣ. ಅದರಲ್ಲಿ ನೂರಕ್ಕೆ ಸುಮಾರು 0.9 ಪಾಲು ಉಪ್ಪಿದೆ, ಆಮ್ಲಜನಕವಿದೆ, 37 ಡಿಗ್ರಿ ಸೆಲ್ಸಿಯಸ್ ಬಿಸಿಯಿದೆ. ಸಾಧಾರಣ ಕಬ್ಬಿಣ ಅಲ್ಲಿ ಬಾಳುವುದಿಲ್ಲ.

ಆದ್ದರಿಂದ ಮೂಳೆಗೆ ಬಳಸುವ ತುಕ್ಕುರಹಿತ ಉಕ್ಕಿನಲ್ಲಿ ನೂರಕ್ಕೆ 17ರಿಂದ 19 ಪಾಲು ಕ್ರೋಮಿಯಂ, 13ರಿಂದ 15 ಪಾಲು ನಿಕ್ಕಲ್ ಮತ್ತು 2ರಿಂದ 3 ಪಾಲು ಮಾಲಿಬ್ಡಿನಂ ಇರುತ್ತವೆ. ಇಂಗಾಲವನ್ನು ಆದಷ್ಟೂ ಕಡಿಮೆ ಮಾಡಿರುತ್ತಾರೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರವನ್ನು ಕಟ್ಟುತ್ತದೆ. ಗೀರು ಬಿದ್ದರೆ ಅದು ಮತ್ತೆ ತಾನಾಗಿಯೇ ಮೂಡುತ್ತದೆ. ಟೈಟೇನಿಯಂ ಲೋಹದ ಆಕ್ಸೈಡ್ ಪದರ ಇನ್ನೂ ಗಟ್ಟಿ. ಅದಕ್ಕೆ ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವನೇಡಿಯಂ ಸೇರಿಸಿದ ಮಿಶ್ರಲೋಹ ಇಂದು ಬಹಳ ಬಳಕೆಯಲ್ಲಿದೆ. ಮೈಯೊಳಗೆ ಉಳಿಯುವುದು ಲೋಹವೇ ಆದರೂ ದೇಹದ ಅಂಗಾಂಶ ಮುಟ್ಟುವುದು ಈ ಆಕ್ಸೈಡ್ ಪದರವನ್ನು.

ಮಜ್ಜೆಯ ಕೊಳವೆಯಲ್ಲಿ ಒಂದು ಸರಳು

ನಮ್ಮ ಹಳ್ಳಿಗಳಲ್ಲಿ ಮೂಳೆ ಮುರಿದಾಗ ಬಿದಿರಿನ ದಬ್ಬೆ ಕಟ್ಟುವ ಪದ್ಧತಿ ಹಳೆಯದು. ಮುರಿದ ತುದಿಗಳನ್ನು ಅಲುಗದಂತೆ ಹಿಡಿದರೆ ಮೂಳೆ ತಾನೇ ಕೂಡಿಕೊಳ್ಳುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಆ ತಿಳಿವಳಿಕೆ ಸರಿ. ಆದರೆ ತೊಡೆಯ ಮೂಳೆಯ ಸುತ್ತ ದಪ್ಪನೆಯ ಸ್ನಾಯುಗಳಿವೆ. ಮೂಳೆ ಮುರಿದೊಡನೆ ಅವು ಸೆಳೆದುಕೊಂಡು ತುದಿಗಳನ್ನು ಒಂದರ ಮೇಲೊಂದು ಏರಿಸಿಬಿಡುತ್ತವೆ. ಹೊರಗಿನ ದಬ್ಬೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಕಾಲು ಗಿಡ್ಡವಾಗಿ ಅಥವಾ ಸೊಟ್ಟವಾಗಿ ಕೂಡುತ್ತದೆ. ತೂಕ ಕಟ್ಟಿ ಕಾಲನ್ನು ಎಳೆದಿಡುವ ಚಿಕಿತ್ಸೆಯಲ್ಲಿ ರೋಗಿ ಎರಡು ಮೂರು ತಿಂಗಳು ಹಾಸಿಗೆಯಲ್ಲೇ ಮಲಗಿರಬೇಕಾಗುತ್ತಿತ್ತು.

ದಬ್ಬೆಯನ್ನು ಹೊರಗೆ ಕಟ್ಟುವ ಬದಲು ಮೂಳೆಯ ಒಳಗೇ ಇಟ್ಟರೆ ಹೇಗೆ? 1939ರಲ್ಲಿ ಜರ್ಮನಿಯ ಗೆರ್ಹಾರ್ಟ್ ಕುಂಟ್ಷರ್ ಎಂಬ ಶಸ್ತ್ರವೈದ್ಯರು ಇದನ್ನು ಮಾಡಿ ತೋರಿಸಿದರು. ತೊಡೆಯ ಮೂಳೆ ಒಳಗೆ ಟೊಳ್ಳು, ಅಲ್ಲಿ ಮಜ್ಜೆ ಇರುತ್ತದೆ. ಆ ಕೊಳವೆಯಲ್ಲಿ ಅವರು ಉಕ್ಕಿನ ಸರಳನ್ನು ಇಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಿಂದ ಮರಳಿದ ಸೈನಿಕರ ಎಕ್ಸ್-ರೇಗಳಲ್ಲಿ ಈ ಸರಳುಗಳನ್ನು ಕಂಡು ಅಮೆರಿಕದ ವೈದ್ಯರು ಬೆರಗಾದರು.

ಇಂದು ಈ ಕೆಲಸ ನಡೆಯುವ ಬಗೆ ಹೀಗಿದೆ. ಮೂಳೆ ಮುರಿದ ಜಾಗವನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಸೊಂಟದ ಬಳಿ ಅಥವಾ ಮಂಡಿಯ ಬಳಿ ಒಂದು ಚಿಕ್ಕ ಗಾಯ ಮಾಡಿ ಮೂಳೆಗೆ ರಂಧ್ರ ಕೊರೆಯುತ್ತಾರೆ. ಪರದೆಯ ಮೇಲೆ ಎಕ್ಸ್-ರೇ ಚಿತ್ರ ನೋಡುತ್ತಾ ಒಂದು ತಂತಿಯನ್ನು ಮುರಿದ ಎರಡೂ ತುಂಡುಗಳ ಒಳಗೆ ದಾಟಿಸುತ್ತಾರೆ. ಆ ತಂತಿಯ ದಾರಿಯಲ್ಲೇ ಕೊಳವೆಯನ್ನು ಸ್ವಲ್ಪ ಅಗಲ ಮಾಡಿ ಸುಮಾರು 10 ಮಿಲಿಮೀಟರು ದಪ್ಪದ ಸರಳನ್ನು ಇಳಿಸುತ್ತಾರೆ. ಮೇಲೆ ಕೆಳಗೆ ಅಡ್ಡ ಸ್ಕ್ರೂಗಳನ್ನು ಹಾಕಿದರೆ ಕಾಲು ತಿರುಚುವುದಿಲ್ಲ, ಗಿಡ್ಡವಾಗುವುದೂ ಇಲ್ಲ. ಮುರಿದ ಜಾಗದ ರಕ್ತ ಸಂಚಾರ ಕೆಡದೆ ಉಳಿಯುವುದರಿಂದ ಮೂಳೆ ಬೇಗ ಕೂಡುತ್ತದೆ. ರೋಗಿ ಕೆಲವೇ ದಿನಗಳಲ್ಲಿ ಊರುಗೋಲು ಹಿಡಿದು ನಿಲ್ಲಬಹುದು.

ಆದರೆ ಎಲ್ಲ ಗಾಯಕ್ಕೂ ಲೋಹದಲ್ಲಿ ಉತ್ತರವಿಲ್ಲ. ಮರದಿಂದ ಬಿದ್ದವರಲ್ಲಿ ಬೆನ್ನುಮೂಳೆ ಮುರಿಯುವುದುಂಟು. ಸ್ಕ್ರೂ, ಸರಳು ಹಾಕಿ ಬೆನ್ನುಮೂಳೆಯನ್ನು ನೆಟ್ಟಗೆ ನಿಲ್ಲಿಸಬಹುದು. ಆದರೆ ಅದರೊಳಗಿನ ಬೆನ್ನುಹುರಿ ಕತ್ತರಿಸಿದ್ದರೆ ಅದನ್ನು ಬೆಸೆಯುವ ಸಾಧನ ಇಂದಿಗೂ ಇಲ್ಲ. ಎಷ್ಟೋ ಸಲ ಬಿದ್ದಾಗ ಉಳಿದಿದ್ದ ಹುರಿ, ಬಿದ್ದವರನ್ನು ತೋಳು ತೊಡೆ ಹಿಡಿದು ಎತ್ತಿ ಆಟೋದಲ್ಲಿ ಮಡಿಸಿ ಕೂರಿಸಿದಾಗ ಹಾಳಾಗುತ್ತದೆ. ಇದನ್ನು ನೀವು ಮನೆಯಲ್ಲೂ ಹೇಳಿ: ಬಿದ್ದವರನ್ನು ಕೂರಿಸಬಾರದು, ಕುತ್ತಿಗೆ ತಿರುಗಿಸಬಾರದು. 108ಕ್ಕೆ ಕರೆ ಮಾಡಿ ಕಾಯಬೇಕು. ಸಾಗಿಸಲೇಬೇಕಾದರೆ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹಿಡಿದು ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ಹತ್ತುವವರಿಗೂ ಈಗ ಬೇರೆ ದಾರಿಯಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು. ಮರ ಹತ್ತುವವರಿಗೆಂದೇ ಕೇರ ಸುರಕ್ಷಾ ಎಂಬ ವಿಮೆಯೂ ಬಂದಿದೆ.

ಮೂಳೆಗೂ ಲೋಹಕ್ಕೂ ಪಂದ್ಯ

ಸರಳು ಹಾಕಿದ ಮೇಲೆ ಕಾಲು ಸರಿಹೋಯಿತು ಎಂದು ಬಹಳ ಜನ ತಿಳಿಯುತ್ತಾರೆ. ಇದು ತಪ್ಪು. ಸರಳು ಮೂಳೆಯನ್ನು ವಾಸಿ ಮಾಡುವುದಿಲ್ಲ, ವಾಸಿಯಾಗುವವರೆಗೆ ಹಿಡಿದಿರುತ್ತದೆ, ಅಷ್ಟೆ. ಹೊಸ ಬಾಳೆಗಿಡಕ್ಕೆ ಕೊಟ್ಟ ಊರುಗೋಲಿನಂತೆ.

ಒಂದು ತಂತಿಯನ್ನು ಅತ್ತಿತ್ತ ಹತ್ತಾರು ಸಲ ಬಗ್ಗಿಸಿದರೆ ಏನಾಗುತ್ತದೆ? ತುಂಡಾಗುತ್ತದೆ. ಒಂದೇ ಸಲಕ್ಕೆ ಮುರಿಯದ ಲೋಹ, ಸಣ್ಣ ಭಾರವನ್ನೇ ಮತ್ತೆ ಮತ್ತೆ ಹೊತ್ತು ದಣಿದು ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ದಿನಕ್ಕೆ 5000 ಹೆಜ್ಜೆ ನಡೆಯುವವರ ಒಂದು ಕಾಲಿನ ಮೇಲೆ ದಿನಕ್ಕೆ 2500 ಸಲ ಭಾರ ಬೀಳುತ್ತದೆ. ನಾಲ್ಕು ತಿಂಗಳಲ್ಲಿ ಅದು 3 ಲಕ್ಷ ಸಲವಾಗುತ್ತದೆ. ತೊಡೆಯ ಮೂಳೆ ಪೂರ್ತಿ ಕೂಡಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮೂಳೆ ಕೂಡುತ್ತಾ ಬಂದಂತೆ ಭಾರವನ್ನು ತಾನು ಹೊರತೊಡಗುತ್ತದೆ, ಲೋಹಕ್ಕೆ ಬಿಡುವು ಸಿಗುತ್ತದೆ. ಮೂಳೆ ಕೂಡದಿದ್ದರೆ ಎಷ್ಟೇ ಒಳ್ಳೆಯ ಲೋಹವಾದರೂ ಒಂದು ದಿನ ಮುರಿಯುತ್ತದೆ.

ಈ ಪಂದ್ಯದಲ್ಲಿ ಮೂಳೆ ಗೆಲ್ಲಬೇಕಾದರೆ ರೋಗಿ ವೈದ್ಯರು ಹೇಳಿದಷ್ಟೇ ಭಾರವನ್ನು ಕಾಲಿನ ಮೇಲೆ ಬಿಡಬೇಕು. ನೋವು ಹೋಯಿತೆಂದು ಆರನೆಯ ವಾರಕ್ಕೇ ಮೂಟೆ ಹೊರುವುದು, ಮರ ಹತ್ತುವುದು ಅಪಾಯ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ. ಬೆಂಗಳೂರಿಗೆ ಸುಮಾರು 140 ಕಿಲೋಮೀಟರು ದೂರವಿರುವ ತಿಪಟೂರಿನ ಕಡೆಯವರಿಗೆ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗುವುದು ಖರ್ಚಿನ ಮಾತು, ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗೆಂದು ಮರುತಪಾಸಣೆ ತಪ್ಪಿಸಿದರೆ ಕೂಡದ ಮೂಳೆ ಗೊತ್ತಾಗುವುದು ಸರಳು ಮುರಿದ ಮೇಲೆಯೇ.

ಕೊಬ್ಬರಿ ಕಲಿಸುವ ಪಾಠ

ತಿಪಟೂರಿನ ಉಂಡೆ ಕೊಬ್ಬರಿ ಆಗುವ ಬಗೆ ನಿಮಗೆ ಗೊತ್ತಿರಬಹುದು. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಇಡುತ್ತಾರೆ. ಹಸಿ ಕಾಯಿಯಲ್ಲಿ ತಿರುಳು ಚಿಪ್ಪಿಗೆ ಬಿಗಿಯಾಗಿ ಅಂಟಿರುತ್ತದೆ, ಒಡೆದರೂ ಬೇರ್ಪಡುವುದಿಲ್ಲ. ಒಳಗಿನ ನೀರು ಇಂಗಿದಾಗ ತಿರುಳು ಕುಗ್ಗಿ ಚಿಪ್ಪನ್ನು ಬಿಡುತ್ತದೆ. ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಸದ್ದು.

ಕೃತಕ ಸೊಂಟದ ಕೀಲು, ಮಂಡಿಯ ಕೀಲುಗಳನ್ನು ಹಾಕುವ ವೈದ್ಯರು ಹೆದರುವುದು ಇಂಥ ಸದ್ದಿಗೇ. ಕೊಬ್ಬರಿಗೆ ಅದು ಒಳ್ಳೆಯದು, ಕೀಲಿಗೆ ಕೆಟ್ಟದ್ದು. ಮೂಳೆಗೂ ಲೋಹಕ್ಕೂ ಹಸಿ ಕಾಯಿಯಂಥ ಬೆಸುಗೆ ಬೇಕು. ಅದು ಸಾಧ್ಯವೆಂದು ತಿಳಿದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಟೈಟೇನಿಯಂನ ಸಣ್ಣ ಉಪಕರಣವನ್ನು ಇಟ್ಟು ರಕ್ತ ಸಂಚಾರವನ್ನು ಅಭ್ಯಾಸ ಮಾಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆಯ ಕಣಗಳು ಆಕ್ಸೈಡ್ ಪದರಕ್ಕೆ ನೇರವಾಗಿ ಅಂಟಿ ಬೆಳೆದಿದ್ದವು. 1965ರಲ್ಲಿ ಅವರು ಇದನ್ನೇ ಬಳಸಿ ಮನುಷ್ಯರ ದವಡೆಯಲ್ಲಿ ಹಲ್ಲಿನ ಬೇರಿನಂತೆ ಟೈಟೇನಿಯಂ ಕೂರಿಸಿದರು.

ಸಡಿಲವಾಗಲು ಇನ್ನೊಂದು ಕಾರಣವೂ ಇದೆ. ಭಾರ ಹೊರುವ ಮೂಳೆ ಗಟ್ಟಿಯಾಗುತ್ತದೆ, ಕೆಲಸವಿಲ್ಲದ ಮೂಳೆ ಸವೆಯುತ್ತದೆ. ಉಕ್ಕು ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿರುಸು. ಭಾರವನ್ನೆಲ್ಲ ಅದೇ ಹೊತ್ತರೆ ಪಕ್ಕದ ಮೂಳೆ ಸೋಮಾರಿಯಾಗಿ ತೆಳುವಾಗುತ್ತದೆ. ಟೈಟೇನಿಯಂನ ಬಿರುಸು ಉಕ್ಕಿನ ಅರ್ಧದಷ್ಟು ಮಾತ್ರ. ಕೃತಕ ಕೀಲಿನ ಕಾಂಡಕ್ಕೆ ಅದನ್ನು ಆರಿಸುವುದಕ್ಕೆ ಇದೂ ಒಂದು ಕಾರಣ.

ಮಿಡಿಯುವ ಹೃದಯದಲ್ಲಿ

ಮೂಳೆಯಾದರೆ ಕೂಡಿಕೊಂಡು ಲೋಹಕ್ಕೆ ಬಿಡುವು ಕೊಡುತ್ತದೆ. ಹೃದಯದಲ್ಲಿಟ್ಟ ಸಾಧನಕ್ಕೆ ಬಿಡುವೇ ಇಲ್ಲ. ನಿಮಿಷಕ್ಕೆ 70 ಸಲ ಮಿಡಿದರೆ ದಿನಕ್ಕೆ 1 ಲಕ್ಷ, ವರ್ಷಕ್ಕೆ ಸುಮಾರು 3 ಕೋಟಿ 68 ಲಕ್ಷ ಮಿಡಿತ. ಕೃತಕ ಕವಾಟ ಅಷ್ಟೂ ಸಲ ತೆರೆದು ಮುಚ್ಚಬೇಕು.

ನಮ್ಮ ದೇಶದಲ್ಲಿ ಕವಾಟದ ಅಗತ್ಯ ಬಂದದ್ದು ಹೆಚ್ಚಾಗಿ ನಿಮ್ಮ ವಯಸ್ಸಿನವರಿಗೆ. ಬಾಲ್ಯದಲ್ಲಿ ಗಂಟಲು ನೋವಿಗೆ ಸರಿಯಾಗಿ ಔಷಧಿ ಮಾಡದಿದ್ದರೆ ಕೆಲವರಿಗೆ ಸಂಧಿವಾತದ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ವಿದೇಶದ ಕವಾಟದ ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಥಾನ್ ಮತ್ತು ಸಂಗಡಿಗರು ಸ್ವದೇಶಿ ಕವಾಟಕ್ಕೆ ಕೈಹಾಕಿದರು. ಮೊದಲ ಮೂರು ಮಾದರಿಗಳು ಫಲಿಸಲಿಲ್ಲ. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನೊಳಗೆ ಸವೆತ ತಡೆಯುವ ಪಾಲಿಥೀನ್ ಬಿಲ್ಲೆ ವಾಲುತ್ತಾ ತೆರೆದು ಮುಚ್ಚುವ ಏರ್ಪಾಡಿತ್ತು. ಕುರಿಗಳಲ್ಲಿ ಪರೀಕ್ಷೆಯಾದ ಮೇಲೆ 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿ ಮನುಷ್ಯನ ಹೃದಯದಲ್ಲಿ ಕೂರಿಸಲಾಯಿತು. ವಲಿಯಥಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾನಿಲಯಕ್ಕೆ ಮೊದಲ ಕುಲಪತಿಯಾಗಿ ಬಂದರು. 2024ರಲ್ಲಿ ಅವರು ತೀರಿಕೊಂಡರು.

ಇಂಥ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವ.

ಪೇಸ್‌ಮೇಕರ್ ಎಂಬುದು ನಿಧಾನವಾದ ಹೃದಯಕ್ಕೆ ತಾಳ ಹಾಕುವ ಸಾಧನ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ಮೈಯೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಷ್ ಡಬ್ಬಿಯನ್ನೇ ಅಚ್ಚಾಗಿ ಬಳಸಿ ಅದನ್ನು ಎರಕ ಹೊಯ್ದಿದ್ದರು. ಅದು ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರ್ ಬದಲಿಸುತ್ತಾ 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು. ಈಗಿನ ಪೇಸ್‌ಮೇಕರ್‌ನ ಲಿಥಿಯಂ ಬ್ಯಾಟರಿ ಸುಮಾರು ಹತ್ತು ವರ್ಷ ಬಾಳುತ್ತದೆ. ಎದೆಯನ್ನು ಸೀಳಬೇಕಾಗಿಲ್ಲ. ಕೊರಳ ಕೆಳಗಿನ ಮೂಳೆಯ ಬಳಿ ಚರ್ಮದಡಿ ಪೆಟ್ಟಿಗೆ ಇಟ್ಟು, ಅಭಿಧಮನಿಯ ದಾರಿಯಲ್ಲಿ ತಂತಿಯನ್ನು ಹೃದಯಕ್ಕೆ ಮುಟ್ಟಿಸುತ್ತಾರೆ.

ಒಳಗೆ ಅಡಗುವ ಶತ್ರು

ಬಾವಿಯ ಕಲ್ಲಿಗೆ ಪಾಚಿ ಹಿಡಿಯುವುದನ್ನು ನೋಡಿದ್ದೀರಲ್ಲ? ಬ್ಯಾಕ್ಟೀರಿಯಾ ಲೋಹದ ಮೇಲೆ ಹಾಗೆಯೇ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ. ಲೋಹದಲ್ಲಿ ರಕ್ತ ಹರಿಯುವುದಿಲ್ಲವಾದ್ದರಿಂದ ಬಿಳಿಯ ರಕ್ತಕಣಗಳು ಅಲ್ಲಿಗೆ ಚೆನ್ನಾಗಿ ತಲುಪವು, ಲೋಳೆಯನ್ನು ದಾಟಿ ಔಷಧಿಯೂ ಹೋಗದು. ಕೊನೆಗೆ ಸಾಧನವನ್ನೇ ತೆಗೆಯಬೇಕಾಗಬಹುದು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅಷ್ಟೊಂದು ಮಡಿ ಏಕೆಂಬುದಕ್ಕೆ ಇದೇ ಕಾರಣ. ಮನೆಗೆ ಬಂದ ಮೇಲೆ ಹೊಲಿಗೆಯ ಜಾಗ ಕೆಂಪಾದರೆ, ನೀರು ಒಸರಿದರೆ, ಜ್ವರ ಬಂದರೆ ಸೊಪ್ಪಿನ ಲೇಪ ಹಚ್ಚಿ ಕಾಯಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಬೆಲೆ, ಕಾನೂನು ಮತ್ತು ಒಂದು ಚೀಟಿ

ಮೈಯೊಳಗೆ ಇಟ್ಟದ್ದನ್ನು ಕೊಂಡವರು ಕಣ್ಣಿನಿಂದ ನೋಡಲಾರರು. ಅದಕ್ಕಾಗಿ ಕಾನೂನಿನ ಕಣ್ಣು ಬೇಕು. 2010ರ ಆಗಸ್ಟ್‌ನಲ್ಲಿ ಡಿಪ್ಯೂ ಕಂಪನಿ ತನ್ನ ಎಎಸ್ಆರ್ ಎಂಬ ಕೃತಕ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಅಂಗಾಂಶಕ್ಕೂ ರಕ್ತಕ್ಕೂ ಸೇರುತ್ತಿದ್ದವು. ಭಾರತದಲ್ಲಿಯೂ ಅದನ್ನು ಹಾಕಿಸಿಕೊಂಡವರಿದ್ದರು. ಸಾಧನಗಳಿಂದಾದ ತೊಂದರೆಯನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲಿ 2015ರಲ್ಲಿ ಆರಂಭವಾಯಿತು. ವೈದ್ಯಕೀಯ ಸಾಧನಗಳಿಗೆಂದೇ ಮಾಡಿದ 2017ರ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು.

ಬೆಲೆಯ ವಿಷಯವೂ ಹಾಗೆಯೇ. ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಒಂದು ಸಣ್ಣ ಲೋಹದ ಜಾಲರಿ. ಔಷಧಿ ಲೇಪಿಸಿದ ಸ್ಟೆಂಟಿನ ಬೆಲೆ ಲಕ್ಷ ರೂಪಾಯಿ ಮೀರಿದ್ದ ಕಾಲವಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಲೇಪವಿಲ್ಲದ ಸ್ಟೆಂಟಿಗೆ 7,260 ರೂಪಾಯಿ ಗರಿಷ್ಠ ಬೆಲೆ ಗೊತ್ತುಮಾಡಿತು. ಅದೇ ವರ್ಷ ಕೃತಕ ಮಂಡಿಗೂ ಮಿತಿ ಬಂತು. ನಂತರ ಈ ಬೆಲೆಗಳು ಆಗಾಗ ಪರಿಷ್ಕಾರವಾಗಿವೆ. ಬೆಂಗಳೂರಿನಲ್ಲಿ ಹೃದಯಕ್ಕೆ ಜಯದೇವ ಸಂಸ್ಥೆ, ಮುರಿದ ಮೂಳೆಗೆ ಸಂಜಯ ಗಾಂಧಿ ಸಂಸ್ಥೆ ಸರ್ಕಾರದ ಆಸ್ಪತ್ರೆಗಳು. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಗಳ ವಿಷಯ ಶಸ್ತ್ರಚಿಕಿತ್ಸೆಗೆ ಮೊದಲೇ ವಿಚಾರಿಸಬೇಕು, ಹಣ ಕಟ್ಟಿದ ಮೇಲಲ್ಲ.

ಕೊನೆಯದಾಗಿ ನೀವೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಅಜ್ಜನ ಎದೆಯಲ್ಲಿ ಪೇಸ್‌ಮೇಕರ್ ಇರಬಹುದು, ಅಮ್ಮನ ಮಂಡಿಯಲ್ಲಿ ಕೃತಕ ಕೀಲು, ಮಾವನ ತೊಡೆಯಲ್ಲಿ ಸರಳು. ಪ್ರತಿ ಸಾಧನಕ್ಕೂ ಹೆಸರು, ತಯಾರಕರು, ಮಾದರಿ, ಕ್ರಮಸಂಖ್ಯೆ ಇರುತ್ತವೆ. ಬಿಡುಗಡೆಯ ಚೀಟಿಯ ಜೊತೆ ಆ ವಿವರವಿರುವ ಕಾರ್ಡನ್ನೋ ಅಂಟುಚೀಟಿಯನ್ನೋ ಕೇಳಿ ಪಡೆಯಿರಿ. ಕಂಪನಿ ಸಾಧನವನ್ನು ಹಿಂದಕ್ಕೆ ಕರೆದಾಗ, ಎಂ.ಆರ್.ಐ. ಚಿತ್ರ ತೆಗೆಸಬೇಕಾದಾಗ, ಹತ್ತು ವರ್ಷದ ಮೇಲೆ ಸರಳು ತೆಗೆಯಲು ಅದಕ್ಕೆ ಹೊಂದುವ ಸಲಕರಣೆ ಹುಡುಕುವಾಗ ವೈದ್ಯರು ಮೊದಲು ಕೇಳುವುದು ಅದನ್ನೇ. ಇವತ್ತು ಸಂಜೆ ಮನೆಯ ಕಪಾಟು ತೆಗೆದು ಆ ಚೀಟಿ ಇದೆಯೇ ನೋಡಿ. ಇದ್ದರೆ ಒಂದು ನೋಟ್‌ಬುಕ್ಕಿನಲ್ಲಿ ವಿವರವನ್ನೆಲ್ಲ ಬರೆದಿಡಿ. ಇಲ್ಲದಿದ್ದರೆ ಮುಂದಿನ ತಪಾಸಣೆಗೆ ಹೋದಾಗ ಆಸ್ಪತ್ರೆಯ ದಾಖಲೆಯಿಂದ ಬರೆಸಿಕೊಂಡು ಬನ್ನಿ.